ಗಾಳಿಯ ಹಾದಿಯಲ್ಲಿ ಎಣ್ಣೆ



ಲಾರಿಗೆ ಎಷ್ಟು ಲೀಟರ್ ಡೀಸೆಲ್ ಹಾಕಿಸಿದ್ದು ಎಂಬ ಲೆಕ್ಕ ಮಾಲೀಕರ ಪುಸ್ತಕದಲ್ಲಿ ಇರುತ್ತದೆ. ಡ್ರೈವರ್ ನಾಲಿಗೆಯ ತುದಿಯಲ್ಲೂ ಇರುತ್ತದೆ. ಆ ಡೀಸೆಲ್ ಉರಿಯಲು ಎಷ್ಟು ಗಾಳಿ ಬೇಕಾಯಿತು ಎಂದು ಮಾತ್ರ ಯಾರೂ ಬರೆದಿಡುವುದಿಲ್ಲ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆಯೆಂದರೂ 10,000 ಲೀಟರ್ ಗಾಳಿ ಬೇಕು. ನೂರು ಲೀಟರ್ ಡೀಸೆಲ್ ಖರ್ಚಾಗುವಷ್ಟು ದೂರ ಓಡಿದ ಲಾರಿ ಹತ್ತು ಲಕ್ಷ ಲೀಟರಿಗೂ ಹೆಚ್ಚು ಗಾಳಿ ಎಳೆದುಕೊಂಡಿರುತ್ತದೆ.

ಆ ಗಾಳಿ ಹೋಗುವ ಪೈಪಿನೊಳಗೆ ಎಂಜಿನ್ ಆಯಿಲ್ ಸೇರಿಕೊಂಡರೆ ಏನಾಗುತ್ತದೆ? ಆಯಿಲ್ ಎಲ್ಲಿಂದ ಬರುತ್ತದೆ? ಬಂದಾಗ ಮೊದಲು ಏನು ನೋಡಬೇಕು? ಇವತ್ತಿನ ಮಾತು ಇಷ್ಟರ ಬಗ್ಗೆಯೇ. ವಿಷಯ ಗ್ಯಾರೇಜಿನದು, ನಿಜ. ಆದರೆ ಒಂದೇ ಲಾರಿಯನ್ನು ನಂಬಿ ಸಂಸಾರ ನಡೆಸುವವರು ನಮ್ಮಲ್ಲಿ ಬಹಳ ಮಂದಿ. 'ಟರ್ಬೊ ಹೋಗಿದೆ' ಎಂದು ಮೇಸ್ತ್ರಿ ಹೇಳಿದ ದಿನ ಆ ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಫೀಸು ಎರಡೂ ಅಲುಗಾಡುತ್ತವೆ. ಆ ಮಾತು ಸರಿಯೋ ತಪ್ಪೋ ಎಂದು ಕೇಳುವಷ್ಟು ತಿಳಿವಳಿಕೆ ಮಾಲೀಕರಿಗೂ ಡ್ರೈವರಿಗೂ ಇರಬೇಕು.

ಮೊದಲು ಗಾಳಿ ಹೋಗುವ ದಾರಿಯನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳೋಣ. ಹೊರಗಿನ ಗಾಳಿ ಮೊದಲು ಬರುವುದು ಏರ್ ಕ್ಲೀನರ್ ಡಬ್ಬಿಗೆ. ಅದರೊಳಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್ ಇದೆ. ಧೂಳು ಅಲ್ಲೇ ನಿಲ್ಲಬೇಕು. ಅಲ್ಲಿಂದ ಒಂದು ರಬ್ಬರ್ ಹೋಸಿನ ಮೂಲಕ ಗಾಳಿ ಟರ್ಬೊಗೆ ಹೋಗುತ್ತದೆ. ಟರ್ಬೊ ಅದನ್ನು ಒತ್ತಿ ಮುಂದಕ್ಕೆ ನೂಕುತ್ತದೆ. ಒತ್ತಿದ ಗಾಳಿ ಕಾಯುತ್ತದೆ, ಸುಮಾರು 150 ಡಿಗ್ರಿವರೆಗೂ ಹೋಗುವುದುಂಟು. ಹಾಗಾಗಿ ಅದು ರೇಡಿಯೇಟರಿನ ಮುಂದೆ ನಿಂತಿರುವ ಇಂಟರ್‌ಕೂಲರ್ ಹೊಕ್ಕು ತಣಿಯುತ್ತದೆ. ಕೊನೆಗೆ ಮ್ಯಾನಿಫೋಲ್ಡ್ ಮೂಲಕ ಒಂದೊಂದು ಸಿಲಿಂಡರಿಗೂ ಹಂಚಿಹೋಗುತ್ತದೆ.

ಜಮ್ಷೆಡ್‌ಪುರದಲ್ಲಿ ತಯಾರಾದ ಟಾಟಾ ಕಮಿನ್ಸ್ ಕಂಪನಿಯ ಆರು ಸಿಲಿಂಡರ್ ಎಂಜಿನ್ ನಮ್ಮ ರಸ್ತೆಗಳಲ್ಲಿ ಬಹಳ ವರ್ಷಗಳಿಂದ ಓಡುತ್ತಿದೆ. ಅದರ ಅಳತೆ 5.9 ಲೀಟರ್. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಟರ್ಬೊ ಇಲ್ಲದೆಯೇ ಅದು ಸುಮಾರು 6,000 ಲೀಟರ್ ಗಾಳಿ ಎಳೆಯಬಲ್ಲದು. ಟರ್ಬೊ ಒತ್ತಡ ಕೊಟ್ಟಾಗ ಇದು ಸುಮಾರು ದುಪ್ಪಟ್ಟಾಗುತ್ತದೆ. ಇದು ಬರೀ ಒಂದು ನಿಮಿಷದ ಲೆಕ್ಕ. ಇಷ್ಟು ರಭಸದ ಗಾಳಿಯಲ್ಲಿ ಒಂದು ಹನಿ ಎಣ್ಣೆ ಬಿದ್ದರೂ ಅದು ಇದ್ದಲ್ಲೇ ಇರುವುದಿಲ್ಲ. ತೆಳ್ಳಗೆ ಹರಡಿ ಪೈಪಿನ ಗೋಡೆಯುದ್ದಕ್ಕೂ ಅಂಟಿಕೊಳ್ಳುತ್ತದೆ.

ಹಾಗಾದರೆ ದಾರಿ ತಿಳಿಯಿತು. ಏರ್ ಕ್ಲೀನರ್, ಟರ್ಬೊ, ಇಂಟರ್‌ಕೂಲರ್, ಮ್ಯಾನಿಫೋಲ್ಡ್. ಈ ನಾಲ್ಕು ಹೆಸರು ನೆನಪಿರಲಿ. ಎಣ್ಣೆ ಈ ದಾರಿಗೆ ಸೇರಲು ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಬ್ರೀದರ್. ಸಿಲಿಂಡರಿನೊಳಗೆ ಡೀಸೆಲ್ ಉರಿದಾಗ ಹುಟ್ಟುವ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ನಿನ ಸುತ್ತ ರಿಂಗುಗಳಿವೆ. ಹೊಸ ಎಂಜಿನ್ನಿನಲ್ಲೂ ಸ್ವಲ್ಪ ಹೊಗೆ ಆ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಕೆಳಗೆ ಕ್ರ್ಯಾಂಕು ಗಿರ್ರನೆ ತಿರುಗುತ್ತ ಆಯಿಲನ್ನು ಎರಚಾಡುತ್ತಿರುತ್ತದೆ. ಇಳಿದ ಹೊಗೆ ಆ ತುಂತುರನ್ನು ಹೊತ್ತುಕೊಂಡು ಹೊರಬೀಳಲು ದಾರಿ ಹುಡುಕುತ್ತದೆ. ಆ ದಾರಿಯೇ ಬ್ರೀದರ್ ಪೈಪು.

ಹಳೆಯ ಲಾರಿಗಳಲ್ಲಿ ಈ ಪೈಪನ್ನು ನೆಲದ ಕಡೆಗೆ ತೆರೆದು ಬಿಟ್ಟಿರುತ್ತಿದ್ದರು. ಹೊಗೆ ಬಯಲಿಗೆ, ಹನಿ ರಸ್ತೆಗೆ. ಮಾಲಿನ್ಯದ ನಿಯಮಗಳು ಬಿಗಿಯಾಗುತ್ತ ಬಂದವು. ಬಿಎಸ್-4 ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ. ಬಿಎಸ್-6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಈಗ ಈ ಹೊಗೆಯನ್ನು ಲೆಕ್ಕಕ್ಕೆ ಸಿಗದಂತೆ ಬಯಲಿಗೆ ಬಿಡುವಂತಿಲ್ಲ. ಆದ್ದರಿಂದ ಬಹಳಷ್ಟು ಎಂಜಿನ್‌ಗಳಲ್ಲಿ ಬ್ರೀದರ್ ಪೈಪನ್ನು ಟರ್ಬೊಗೆ ಹೋಗುವ ಗಾಳಿ ಹೋಸಿಗೇ ಜೋಡಿಸಿರುತ್ತಾರೆ. ಹೊಗೆ ಮತ್ತೆ ಎಂಜಿನ್ನಿಗೆ ಹೋಗಿ ಉರಿದುಹೋಗಲಿ ಎಂಬುದು ಉದ್ದೇಶ. ನಡುವೆ ಆಯಿಲನ್ನು ಬೇರ್ಪಡಿಸುವ ಒಂದು ಸೆಪರೇಟರ್ ಇರುತ್ತದೆ. ಅದು ಹೆಚ್ಚಿನ ಆಯಿಲನ್ನು ಹಿಡಿದು ಚೇಂಬರಿಗೆ ಮರಳಿಸುತ್ತದೆ. ಪೂರ್ತಿ ಹಿಡಿಯುವುದು ಮಾತ್ರ ಅದಕ್ಕೂ ಆಗದು.

ಆದ್ದರಿಂದ ಇಂಥ ಲಾರಿಯ ಗಾಳಿ ಪೈಪಿನಲ್ಲಿ ತೆಳ್ಳನೆಯ ಎಣ್ಣೆಪಸೆ ಕಂಡರೆ ಗಾಬರಿ ಬೇಡ. ಅದು ಸಹಜ. ಗಾಬರಿಯಾಗಬೇಕಾದದ್ದು ಎಣ್ಣೆ ಹರಿಯುವಷ್ಟು, ತೊಟ್ಟಿಕ್ಕುವಷ್ಟು ಇದ್ದಾಗ. ಅಷ್ಟೊಂದು ಬರಲು ಕಾರಣಗಳಿವೆ. ರಿಂಗು ಸವೆದಿರಬಹುದು. ಬೋರ್ ಸವೆದಿರಬಹುದು. ಸೆಪರೇಟರ್ ಕಟ್ಟಿಕೊಂಡಿರಬಹುದು. ಅಥವಾ ಆಯಿಲನ್ನೇ ಹೆಚ್ಚು ಹಾಕಿರಬಹುದು. 'ಸ್ವಲ್ಪ ಜಾಸ್ತಿ ಇದ್ದರೆ ಎಂಜಿನ್ನಿಗೆ ಒಳ್ಳೆಯದು' ಎಂದು ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿ ಸುರಿಯುವವರಿದ್ದಾರೆ. ಹೆಚ್ಚಾದ ಆಯಿಲ್ ಕ್ರ್ಯಾಂಕಿನ ಹೊಡೆತಕ್ಕೆ ಸಿಕ್ಕಿ ನೊರೆಯಾಗಿ ಬ್ರೀದರ್ ಮೂಲಕ ಹೊರಡುತ್ತದೆ.

ಒಂದನೆಯ ಬಾಗಿಲು ಬ್ರೀದರ್ ಎಂದಾಯಿತು. ಎರಡನೆಯದು ಟರ್ಬೊ. ಗ್ಯಾರೇಜಿನಲ್ಲಿ ಮೊದಲು ಬೆರಳು ತೋರುವುದು ಇದರತ್ತಲೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಟರ್ಬೊ ಕಲ್ಪನೆ ಹಳೆಯದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಹೊರಗೆ ಹೋಗುವ ಹೊಗೆಯ ಬಲವನ್ನೇ ಬಳಸಿ ಒಳಗೆ ಬರುವ ಗಾಳಿಯನ್ನು ಒತ್ತುವುದು ಅವರ ಆಲೋಚನೆ. ಒಂದೇ ಶಾಫ್ಟು, ಎರಡು ತುದಿಗೆ ಎರಡು ಚಕ್ರ. ಒಂದು ಚಕ್ರವನ್ನು ಹೊಗೆ ತಿರುಗಿಸುತ್ತದೆ. ಇನ್ನೊಂದು ಚಕ್ರ ಗಾಳಿಯನ್ನು ಒತ್ತುತ್ತದೆ. ತಿರುಗುವ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು. ಹೊಗೆಯ ಕಡೆಯ ಬಿಸಿ 600 ಡಿಗ್ರಿ ದಾಟುತ್ತದೆ.

ಇಂಥ ಶಾಫ್ಟನ್ನು ಹಿಡಿದು ನಿಲ್ಲಿಸಿರುವುದು ಆಯಿಲ್. ಎಂಜಿನ್ ಆಯಿಲಿನ ತೆಳು ಪದರದ ಮೇಲೆ ಅದು ತೇಲುತ್ತ ತಿರುಗುತ್ತದೆ. ಆ ಆಯಿಲ್ ಪಂಪಿನ ಒತ್ತಡದಲ್ಲಿ ಮೇಲಿನಿಂದ ಬರುತ್ತದೆ. ವಾಪಸು ಹೋಗುವಾಗ ಪಂಪಿನ ಸಹಾಯ ಇಲ್ಲ. ಕೆಳಗಿನ ರಿಟರ್ನ್ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಚೇಂಬರ್ ಸೇರಬೇಕು.

ಆಯಿಲ್ ಗಾಳಿಯ ಕಡೆಗೆ ಸೋರದಂತೆ ತಡೆಯುವುದು ಯಾವುದು? ಪಿಸ್ಟನ್ ರಿಂಗಿನಂಥದೇ ಒಂದು ಸಣ್ಣ ಲೋಹದ ಬಳೆ. ಅದೊಂದರಿಂದಲೇ ಆಗುವ ಕೆಲಸ ಇದಲ್ಲ. ಚಕ್ರದ ಹಿಂದೆ ಗಾಳಿಯ ಒತ್ತಡ ಇರುತ್ತದೆ. ಆ ಒತ್ತಡ ಆಯಿಲನ್ನು ಒಳಕ್ಕೇ ತಳ್ಳಿಹಿಡಿಯುತ್ತದೆ. ಈ ಒತ್ತಡದ ಸಮತೋಲ ತಪ್ಪಿದರೆ ಟರ್ಬೊ ಹೊಸದಾಗಿದ್ದರೂ ಆಯಿಲ್ ಸೋರುತ್ತದೆ. ಕೇಳುಗರೇ, ಇವತ್ತಿನ ಮಾತಿನ ತಿರುಳು ಇಲ್ಲಿದೆ.

ಸಮತೋಲ ತಪ್ಪುವುದು ಮೂರು ರೀತಿಯಲ್ಲಿ. ಒಂದು, ಏರ್ ಫಿಲ್ಟರ್ ಕಟ್ಟಿಕೊಂಡಾಗ. ಗಾಳಿ ಸರಾಗವಾಗಿ ಬರುವುದಿಲ್ಲ. ಚಕ್ರ ಎಳೆಯುತ್ತಲೇ ಇರುತ್ತದೆ. ಗಾಳಿಯ ಬದಲು ಆಯಿಲನ್ನು ಎಳೆಯತೊಡಗುತ್ತದೆ. ಎರಡು, ರಿಟರ್ನ್ ಪೈಪು ಕಟ್ಟಿಕೊಂಡಾಗ ಅಥವಾ ಬ್ಯಾಕ್ ಕಂಪ್ರೆಷನ್ ಹೆಚ್ಚಾದಾಗ. ಚೇಂಬರಿನೊಳಗೆ ಒತ್ತಡ ತುಂಬಿದ್ದರೆ ಆಯಿಲ್ ಕೆಳಗೆ ಇಳಿಯದು. ಟರ್ಬೊ ಒಳಗೇ ನಿಂತು ಅಕ್ಕಪಕ್ಕ ಸೋರುತ್ತದೆ. ಮೂರು, ಎಂಜಿನ್ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಇದ್ದಾಗ. ಆಗ ಟರ್ಬೊ ನಿಧಾನಕ್ಕೆ ತಿರುಗುತ್ತದೆ, ಒತ್ತಡ ಹುಟ್ಟುವುದಿಲ್ಲ, ಆಯಿಲಿಗೆ ಎದುರು ತಡೆ ಇರುವುದಿಲ್ಲ.

ಈ ಮೂರಕ್ಕೂ ನಮ್ಮ ರಸ್ತೆಗಳಲ್ಲೇ ಉದಾಹರಣೆ ಇದೆ. ಸಂಡೂರು, ಹೊಸಪೇಟೆ, ಬಳ್ಳಾರಿ ಕಡೆಯ ಅದಿರು ರಸ್ತೆಗಳನ್ನು ನೆನೆಸಿಕೊಳ್ಳಿ. ಕೆಂಪು ಧೂಳು ಎಲೆಯ ಮೇಲೆ, ಸೂರಿನ ಮೇಲೆ, ಲಾರಿಯ ಗಾಜಿನ ಮೇಲೆ. ಅಲ್ಲಿ ಓಡುವ ಲಾರಿಯ ಫಿಲ್ಟರ್ ಬೇರೆ ಕಡೆಗಿಂತ ಬೇಗ ಕಟ್ಟಿಕೊಳ್ಳುತ್ತದೆ. ಡ್ರೈವರ್ ಪಂಕ್ಚರ್ ಅಂಗಡಿಯಲ್ಲಿ ಫಿಲ್ಟರಿಗೆ ಗಾಳಿ ಹೊಡೆಸುತ್ತಾನೆ. ಜೋರು ಗಾಳಿಗೆ ಕಾಗದ ಕಣ್ಣಿಗೆ ಕಾಣದಂತೆ ಹರಿಯುತ್ತದೆ. ಆಮೇಲೆ ಗಾಳಿ ಸರಾಗ, ಪಿಕಪ್ ಚೆನ್ನಾಗಿದೆ ಎನಿಸುತ್ತದೆ. ಆದರೆ ಅದೇ ಹರಿದ ಜಾಗದಲ್ಲಿ ಸಣ್ಣ ಧೂಳು ಒಳಗೆ ಹೋಗುತ್ತದೆ. ಆ ಧೂಳು ಚಕ್ರದ ಅಂಚನ್ನು ತೇಯುತ್ತದೆ. ಸಿಲಿಂಡರಿಗೆ ಇಳಿದು ರಿಂಗನ್ನೂ ಬೋರನ್ನೂ ಗೀರುತ್ತದೆ. ಬ್ಯಾಕ್ ಕಂಪ್ರೆಷನ್ ಏರುತ್ತದೆ. ಬ್ರೀದರಿನಲ್ಲಿ ಆಯಿಲ್ ಬರುತ್ತದೆ, ಟರ್ಬೊದಲ್ಲೂ ಬರುತ್ತದೆ. ಐದು ನಿಮಿಷದ ಗಾಳಿ ಹೊಡೆತ ಕೊನೆಗೆ ಎಂಜಿನ್ ಬಿಚ್ಚುವವರೆಗೂ ಕರೆದೊಯ್ಯಬಲ್ಲದು.

ಇನ್ನು ಘಾಟಿ. ಗುಂಡ್ಯದಿಂದ ಮಾರನಹಳ್ಳಿಯವರೆಗೆ ಶಿರಾಡಿ ಏರಿದ ಲೋಡ್ ಲಾರಿಯ ಟರ್ಬೊ ಕೆಂಡದಂತೆ ಕಾದಿರುತ್ತದೆ. ಮೇಲೆ ಬಂದ ತಕ್ಷಣ ಚಹಾ ಅಂಗಡಿಯ ಮುಂದೆ ಎಂಜಿನ್ ಆಫ್ ಮಾಡಿದರೆ ಆಯಿಲ್ ಪಂಪು ನಿಲ್ಲುತ್ತದೆ. ಟರ್ಬೊ ಒಳಗೆ ಉಳಿದ ಆಯಿಲ್ ಅಲ್ಲೇ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಆ ಕರಿ ಬೇರಿಂಗನ್ನು ಸವೆಸುತ್ತದೆ, ರಿಟರ್ನ್ ಪೈಪನ್ನು ಕಿರಿದಾಗಿಸುತ್ತದೆ.

ಐಡ್ಲಿಂಗ್ ಬಗ್ಗೆಯೂ ಒಂದು ಮಾತು. ಗಣಿಯ ಬಾಗಿಲಲ್ಲಿ, ಬಂದರಿನ ಗೇಟಿನಲ್ಲಿ, ಗೋದಾಮಿನ ಮುಂದೆ ಲಾರಿಗಳು ಸಾಲಾಗಿ ಕಾಯುತ್ತವೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಬಿಸಿಲಲ್ಲಿ ಬೇಯುವ ಡ್ರೈವರಿಗೆ ಅದು ಸಿಗಲೇಬೇಕಾದ ಅನುಕೂಲ. ಆದರೆ ಎಸಿಗಾಗಿ ರಾತ್ರಿಯಿಡೀ ಎಂಜಿನ್ ಓಡಿಸಿ ಮಲಗಿದರೆ ಗಾಳಿ ಪೈಪಿನಲ್ಲಿ ಆಯಿಲ್ ಕೂಡುತ್ತ ಹೋಗುತ್ತದೆ. ಬೆಳಿಗ್ಗೆ ಹೊರಟಾಗ ಹಿಂದೆ ನೀಲಿ ಹೊಗೆ ಏಳುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಎಣ್ಣೆ ಬ್ರೀದರಿನಿಂದ ಬರಬಹುದು, ಟರ್ಬೊದಿಂದ ಬರಬಹುದು. ಟರ್ಬೊದಿಂದ ಬಂದರೂ ತಪ್ಪು ಟರ್ಬೊದ್ದೇ ಆಗಿರಬೇಕೆಂದಿಲ್ಲ. ಈಗ ಆ ಎಣ್ಣೆ ಮಾಡುವ ಹಾನಿಗೆ ಬರೋಣ.

ಇಂಟರ್‌ಕೂಲರಿನಲ್ಲಿ ಗಾಳಿ ತಣಿಯುತ್ತದೆ, ಆಯಿಲ್ ಆವಿಯೂ ಹನಿಗಟ್ಟುತ್ತದೆ. ಹನಿಗಳು ತಳದಲ್ಲಿ ಸೇರಿ ಮಡುವಾಗುತ್ತವೆ. ಒಳಗೋಡೆಗೆ ಎಣ್ಣೆ ಬಳಿದುಕೊಂಡಷ್ಟೂ ಬಿಸಿ ಹೊರಗೆ ಹೋಗುವುದು ಕಡಿಮೆ. ಗಾಳಿ ಬಿಸಿಯಾಗಿಯೇ ಎಂಜಿನ್ನಿಗೆ ಬರುತ್ತದೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಎಳೆತ ಕುಗ್ಗುತ್ತದೆ, ಡೀಸೆಲ್ ಖರ್ಚು ಏರುತ್ತದೆ. ಇಂಟರ್‌ಕೂಲರಿನ ಎರಡೂ ಕಡೆ ಇರುವ ಹೋಸುಗಳಲ್ಲಿ ಎಣ್ಣೆ ತಡೆಯದ ರಬ್ಬರು ಮೆತ್ತಗಾಗಿ ಉಬ್ಬುತ್ತದೆ. ಒಂದು ದಿನ ಏರಿನಲ್ಲಿ ಒತ್ತಡ ತಾಳದೆ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ಟಪ್ ಎಂಬ ಸದ್ದು, ಆಮೇಲೆ ಬುಸ್ ಎಂಬ ಗಾಳಿ, ಹಿಂದೆ ಕಪ್ಪು ಹೊಗೆ. ಲಾರಿ ಏರು ಹತ್ತುವುದಿಲ್ಲ.

ಇಜಿಆರ್ ವ್ಯವಸ್ಥೆ ಇರುವ ಎಂಜಿನ್‌ಗಳಲ್ಲಿ ತೊಂದರೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮಾಲಿನ್ಯ ತಗ್ಗಿಸಲೆಂದು ಸ್ವಲ್ಪ ಹೊಗೆಯನ್ನು ಮತ್ತೆ ಗಾಳಿಯ ಜೊತೆ ಬೆರೆಸುತ್ತಾರೆ. ಆ ಹೊಗೆಯಲ್ಲಿ ಮಸಿ ಇದೆ. ಒಗ್ಗರಣೆಯ ಜಿಡ್ಡಿಗೆ ಧೂಳು ಕೂತು ಅಡುಗೆಮನೆಯ ಕಿಟಕಿಯ ಜಾಲರಿ ಮುಚ್ಚಿಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ಮ್ಯಾನಿಫೋಲ್ಡಿನಲ್ಲೂ ಹಾಗೆಯೇ. ಎಣ್ಣೆಗೆ ಮಸಿ ಅಂಟಿ, ಪದರದ ಮೇಲೆ ಪದರ ಕೂತು, ಗಾಳಿಯ ದಾರಿ ಕಿರಿದಾಗುತ್ತದೆ. ಬಿಎಸ್-6 ಲಾರಿಗಳಲ್ಲಿ ಹೊಗೆ ಹೋಗುವ ಕಡೆಯೂ ಪೆಟ್ಟು ಬೀಳುತ್ತದೆ. ಆಯಿಲಿನಲ್ಲಿ ಬೆರೆಸಿರುವ ಕ್ಯಾಲ್ಸಿಯಂ, ಸತುವಿನಂಥ ಲೋಹಾಂಶ ಉರಿದಾಗ ಬೂದಿಯಾಗುತ್ತದೆ. ಸೈಲೆನ್ಸರ್ ಕಡೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಆ ಬೂದಿ ಕೂರುತ್ತದೆ. ಮಸಿಯನ್ನಾದರೆ ಸುಟ್ಟು ತೆಗೆಯಬಹುದು. ಬೂದಿಯನ್ನು ಸುಡಲು ಆಗುವುದಿಲ್ಲ. ಫಿಲ್ಟರನ್ನೇ ಬಿಚ್ಚಿ ತೊಳೆಯಬೇಕು.

ಎಳೆತ ಕುಗ್ಗುವುದು, ಹೋಸು ಕಳಚುವುದು, ಫಿಲ್ಟರ್ ತುಂಬುವುದು. ಇವೆಲ್ಲ ಹಣದ ನಷ್ಟ. ಇನ್ನೊಂದು ಅಪಾಯ ಅಪರೂಪದ್ದು, ಆದರೆ ಜೀವಕ್ಕೆ ಕುತ್ತು ತರುವಂಥದು.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿ ಕಾಯಿಸಿದ ಗಾಳಿಯಲ್ಲಿ ಉರಿಯುವ ವಸ್ತು ಯಾವುದಿದ್ದರೂ ಅದು ಹೊತ್ತಿಕೊಳ್ಳುತ್ತದೆ. ಕೀ ತಿರುಗಿಸಿ ಆಫ್ ಮಾಡಿದರೆ ನಿಲ್ಲುವುದು ಡೀಸೆಲ್ ಮಾತ್ರ. ಗಾಳಿ ಪೈಪಿನಿಂದ ಆಯಿಲ್ ಧಾರೆಯಾಗಿ ಬರುತ್ತಿದ್ದರೆ ಎಂಜಿನ್ ಅದನ್ನೇ ಉರಿಸಿಕೊಂಡು ತಾನಾಗಿ ರೇಸ್ ಆಗುತ್ತ ಹೋಗುತ್ತದೆ. ಆಯಿಲ್ ಮುಗಿಯಬೇಕು, ಇಲ್ಲವೇ ಎಂಜಿನ್ ಒಡೆಯಬೇಕು, ಇಲ್ಲವೇ ಗಾಳಿ ನಿಲ್ಲಬೇಕು.

ಗಾಳಿಯ ದಾರಿಯಲ್ಲಿ ಉರಿಯುವ ವಸ್ತು ಬಂದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಕ್ಸಸ್ ಸಿಟಿಯ ಘಟನೆ ಸಾಕ್ಷಿ. ಅಲ್ಲಿ ಬಂದದ್ದು ಆಯಿಲಲ್ಲ, ಪೆಟ್ರೋಲಿಯಂ ಆವಿ. 2005ರ ಮಾರ್ಚ್ 23ರಂದು ಅಲ್ಲಿನ ತೈಲ ಸಂಸ್ಕರಣಾಗಾರದಲ್ಲಿ ದ್ರವ ಉಕ್ಕಿ ಹರಿದು ಆವಿಯ ಮೋಡ ಹಬ್ಬಿತು. ಹತ್ತಿರದಲ್ಲೇ ಒಂದು ಡೀಸೆಲ್ ಪಿಕಪ್ ಐಡ್ಲಿಂಗ್‌ನಲ್ಲಿ ನಿಂತಿತ್ತು. ಅದರ ಎಂಜಿನ್ ಆವಿಯನ್ನು ಎಳೆದುಕೊಂಡು ತಾನಾಗಿ ರೇಸ್ ಆಯಿತು. ಬೆಂಕಿ ಹೊತ್ತಿದ್ದು ಬಹುಶಃ ಅದರಿಂದಲೇ ಎಂದು ತನಿಖೆ ಹೇಳಿತು. ಸ್ಫೋಟದಲ್ಲಿ 15 ಜನ ಸತ್ತರು, ಸುಮಾರು 180 ಜನ ಗಾಯಗೊಂಡರು. ಇಂಥ ಅಪಾಯದ ಜಾಗಗಳಲ್ಲಿ ಓಡಿಸುವ ಡೀಸೆಲ್ ಎಂಜಿನ್‌ಗಳಿಗೆ ಗಾಳಿಯನ್ನೇ ಮುಚ್ಚುವ ಕವಾಟ ಇಡುವುದುಂಟು.

ನಿಂತ ಲಾರಿಯ ಎಂಜಿನ್ ಹೀಗೆ ತಾನಾಗಿ ರೇಸ್ ಆದರೆ ಕೀ ಆಫ್ ಮಾಡಿ. ಕಾಲ್ಬ್ರೇಕನ್ನೂ ಹ್ಯಾಂಡ್ ಬ್ರೇಕನ್ನೂ ಗಟ್ಟಿಯಾಗಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟರೆ ಎಂಜಿನ್ ಕಟ್ಟಿ ನಿಲ್ಲಬಹುದು. ಅದು ಆಗದಿದ್ದರೆ ಎಲ್ಲರೂ ದೂರ ಸರಿಯಿರಿ. ಗಾಳಿಯ ಬಾಯಿಗೆ ಕೈ ಅಡ್ಡ ಹಿಡಿಯಬೇಡಿ, ಬಟ್ಟೆ ತುರುಕಬೇಡಿ. ಬಟ್ಟೆಯನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಲಾರಿ ಹೋದರೆ ಇನ್ನೊಂದು ಬರುತ್ತದೆ, ಕೈ ಬರುವುದಿಲ್ಲ.

ಎಣ್ಣೆ ಬರುವ ದಾರಿ ತಿಳಿಯಿತು, ಅದು ಮಾಡುವ ಹಾನಿಯೂ ತಿಳಿಯಿತು. ಇನ್ನು ಪತ್ತೆ ಮಾಡುವ ಬಗೆ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸ್ಕ್ರೂಡ್ರೈವರ್, ಟಾರ್ಚು, ಒಂದು ಬಿಳಿ ಬಟ್ಟೆ ಸಾಕು.

ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗಲು ಬಿಡಿ. ಏರ್ ಕ್ಲೀನರಿನಿಂದ ಟರ್ಬೊಗೆ ಬರುವ ಹೋಸಿನ ಕ್ಲಿಪ್ ಸಡಿಲಿಸಿ. ಹೋಸು ಸರಿಸಿದರೆ ಟರ್ಬೊದ ಬಾಯಿ ಕಾಣುತ್ತದೆ. ಒಳಗೆ ಬೆಳ್ಳಿಬಣ್ಣದ ಸಣ್ಣ ರೆಕ್ಕೆಗಳ ಚಕ್ರ. ಬಿಳಿ ಬಟ್ಟೆಯಿಂದ ಹೋಸಿನ ಒಳಗೋಡೆ ಒರೆಸಿ ನೋಡಿ. ಇಲ್ಲೇ ಆಯಿಲ್ ಹೇರಳವಾಗಿ ಹತ್ತಿದರೆ ಅದು ಟರ್ಬೊ ತಲುಪುವ ಮೊದಲೇ ಸೇರಿದ್ದು. ಅನುಮಾನ ಬ್ರೀದರ್ ಮೇಲೆ. ಈಗ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪು ಬಿಚ್ಚಿ, ಅಲ್ಲೂ ಒರೆಸಿ. ಮೊದಲನೆಯದು ಒಣಗಿದ್ದು, ಎರಡನೆಯದು ಒದ್ದೆಯಾಗಿದ್ದರೆ ಆಯಿಲ್ ಟರ್ಬೊದಲ್ಲಿ ಸೇರಿದೆ.

ಹಾಗಿದ್ದರೂ ಟರ್ಬೊ ಬಿಚ್ಚುವ ಮುಂಚೆ ಮೂರು ಪರೀಕ್ಷೆ ಬಾಕಿ ಇವೆ. ಏರ್ ಫಿಲ್ಟರ್ ಕಟ್ಟಿದೆಯೇ? ರಿಟರ್ನ್ ಪೈಪು ಮಡಚಿದೆಯೇ, ಒಳಗೆ ಕರಿ ತುಂಬಿದೆಯೇ? ಬ್ಯಾಕ್ ಕಂಪ್ರೆಷನ್ ಎಷ್ಟಿದೆ? ಕೊನೆಯದನ್ನು ನೋಡಲು ಹೋಸುಗಳನ್ನು ಮತ್ತೆ ಜೋಡಿಸಿ ಎಂಜಿನ್ ಚಾಲೂ ಮಾಡಿ. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರೆ ಸಾಕು. ಹೊಗೆ ಜೋರಾಗಿ ಬುಸುಗುಟ್ಟಿದರೆ, ಮುಚ್ಚಳ ಕುಣಿದರೆ, ರಿಂಗಿನ ಕಡೆ ನೋಡಬೇಕು. ಇದನ್ನು ಸರಿಪಡಿಸದೆ ಹತ್ತಾರು ಸಾವಿರ ರೂಪಾಯಿ ಕೊಟ್ಟು ಹೊಸ ಟರ್ಬೊ ಹಾಕಿದರೆ ಅದೂ ಆಯಿಲ್ ಉಗುಳುತ್ತದೆ. ಆಗ 'ಪಾರ್ಟು ಡೂಪ್ಲಿಕೇಟು' ಎಂದು ಅಂಗಡಿಯವನ ಜೊತೆ ಜಗಳ. ತಪ್ಪು ಪಾರ್ಟಿನದಲ್ಲ, ಪತ್ತೆಯದು.

ಟರ್ಬೊ ನಿಜವಾಗಿಯೂ ಕೆಟ್ಟಿದ್ದರೆ ಅದರ ಗುರುತು ಬೇರೆ. ಶಾಫ್ಟು ಪಕ್ಕಕ್ಕೆ ಸ್ವಲ್ಪ ಅಲ್ಲಾಡುವುದು ಸಹಜ. ರೆಕ್ಕೆ ಗೋಡೆಗೆ ತಾಗಿ ಗೀರಿದ್ದರೆ, ಅಂಚು ಮುರಿದಿದ್ದರೆ, ಬದಲಿಸಲೇಬೇಕು. ಆಗ ಇಂಟರ್‌ಕೂಲರನ್ನೂ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಒಳಗೆ ಉಳಿದ ಆಯಿಲ್ ಆಗಲಿ, ತೊಳೆದ ದ್ರಾವಕವಾಗಲಿ, ಚಾಲೂ ಮಾಡಿದ ಕೂಡಲೇ ಎಂಜಿನ್ನಿಗೆ ಹೋಗಿ ರೇಸ್ ಮಾಡಿಸಬಹುದು.

ಕೇಳುಗರೇ, ಸಮಯ ಮುಗಿಯುತ್ತ ಬಂತು. ಡ್ರೈವರ್ ಬಂಧುಗಳಲ್ಲಿ ಮೂರು ಕೋರಿಕೆ. ಚಾಲೂ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ಟರ್ಬೊ ತಲುಪಲು ಅರ್ಧ ನಿಮಿಷ ಕೊಡಿ. ಘಾಟಿ ಏರಿ ಬಂದ ಮೇಲೆ ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಆಯಿಲನ್ನು ಡಿಪ್‌ಸ್ಟಿಕ್ಕಿನ ಎರಡು ಗೆರೆಗಳ ನಡುವೆಯೇ ಇಡಿ.

ಮಾಲೀಕರಲ್ಲಿ ಎರಡು. ಏರ್ ಫಿಲ್ಟರಿಗೆ ಗಾಳಿ ಹೊಡೆಸುವ ಬದಲು, ಡಬ್ಬಿಯ ಮೇಲಿನ ಸೂಚಕ ಕೆಂಪು ತೋರಿಸಿದಾಗ ಹೊಸದು ಹಾಕಿಸಿ. ಟರ್ಬೊ ಹೋಗಿದೆ ಎಂದು ಯಾರಾದರೂ ಹೇಳಿದರೆ ಹಣ ಕೊಡುವ ಮುಂಚೆ ಗ್ಯಾರೇಜಿಗೆ ಹೋಗಿ ನಿಲ್ಲಿ. ಟರ್ಬೊದ ಹಿಂದಿನ ಪೈಪು, ಮುಂದಿನ ಪೈಪು ಎರಡನ್ನೂ ನಿಮ್ಮೆದುರಿಗೇ ಬಿಚ್ಚಿಸಿ, ಬಿಳಿ ಬಟ್ಟೆಯಲ್ಲಿ ಒರೆಸಿ ತೋರಿಸಲು ಕೇಳಿ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.